ಗ್ರೇವ್: ಒಂದು ಕಾಗುಣಿತ, ಎರಡು ವಂಶ

ಇಂಗ್ಲಿಷಿನಲ್ಲಿ ಸಮಾಧಿಯೂ ‘ಗ್ರೇವ್’, ಗಂಭೀರವೂ ‘ಗ್ರೇವ್’. ಸಾವಿನೆದುರು ಯಾರ ಮನಸ್ಸಾದರೂ ಗಂಭೀರವಾಗುತ್ತದೆ. ಹಾಗಾಗಿ ಒಂದರಿಂದಲೇ ಇನ್ನೊಂದು ಹುಟ್ಟಿರಬೇಕು ಎಂದು ಯಾರಿಗಾದರೂ ಅನ್ನಿಸೀತು. ಪದಮೂಲದ ಅಧ್ಯಯನ ಮಾತ್ರ ಇದನ್ನು ಒಪ್ಪುವುದಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ‘ಗ್ರಾಫನ್’ ಎಂದರೆ ಅಗೆಯುವುದು. ಅಗೆದ ಕುಳಿಯೇ ಇಂದಿನ ಸಮಾಧಿ; ಜರ್ಮನ್ನಿನ ‘ಗ್ರಾಬ್’ ಅದರ ದಾಯಾದಿ. ಕೆತ್ತನೆಯ ‘ಎನ್‌ಗ್ರೇವ್’ ಕೂಡ ಇದೇ ಬಳಗದ್ದು. ಸಮಾಧಿಯ ಮೇಲಿನ ಮಣ್ಣಿನ ದಿಬ್ಬಕ್ಕೆ ‘ಬ್ಯಾರೋ’ ಎಂಬ ಅಚ್ಚ ದೇಸಿ ಹೆಸರಿದೆ. ಇಂಗ್ಲೆಂಡಿನ ಸಟನ್ ಹೂನಲ್ಲಿ 1939ರಲ್ಲಿ ಅಂಥ ದಿಬ್ಬವೊಂದನ್ನು ಅಗೆದಾಗ, 7ನೇ ಶತಮಾನದಲ್ಲಿ ಹಡಗಿನ ಸಮೇತ ಹೂಳಿದ್ದ ಸಂಪತ್ತು ಹೊರಬಂತು.

1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಫ್ರೆಂಚಿನ ಮೂಲಕ ‘ಟೂಮ್’, ‘ಸೆಪಲ್ಕರ್’ ಮೊದಲಾದ ಪದಗಳು ಬಂದವು. ‘ಸೆಮಿಟರಿ’ಯ ಮೂಲ ಗ್ರೀಕಿನದು, ಅಲ್ಲಿ ಅದರ ಅರ್ಥ ಮಲಗುವ ಜಾಗ. ಪುನರುತ್ಥಾನವನ್ನು ನಂಬಿದ ಕ್ರೈಸ್ತರಿಗೆ ಮೃತರು ನಿದ್ರಿಸುತ್ತಿರುವವರು. ಆದರೂ ಇಂಗ್ಲೆಂಡಿನ ಜನಸಾಮಾನ್ಯರನ್ನು ಶತಮಾನಗಳ ಕಾಲ ಹೂಳುತ್ತಿದ್ದುದು ಚರ್ಚಿನ ಅಂಗಳದಲ್ಲೇ. 19ನೇ ಶತಮಾನದಲ್ಲಿ ಲಂಡನ್ನಿನ ಆ ಅಂಗಳಗಳು ತುಂಬಿ ತುಳುಕಿ, ಊರಾಚೆಯ ಹೊಸ ರುದ್ರಭೂಮಿಗಳು ಬೇಕಾದವು. 1833ರಲ್ಲಿ ಕೆನ್ಸಲ್ ಗ್ರೀನ್ ತೆರೆಯಿತು. ‘ಸೆಮಿಟರಿ’ ದಿನಬಳಕೆಯ ಮಾತಾಗಿ ಬೇರೂರಿದ್ದು ಇಂಥ ರುದ್ರಭೂಮಿಗಳ ಜೊತೆಯಲ್ಲಿ.

ಗಂಭೀರ ಎಂಬರ್ಥದ ‘ಗ್ರೇವ್’ ಬಂದದ್ದು 16ನೇ ಶತಮಾನದಲ್ಲಿ, ಫ್ರೆಂಚಿನಿಂದ. ಅದರ ಬೇರು ಲ್ಯಾಟಿನ್ನಿನ ‘ಗ್ರಾವಿಸ್’, ಅಂದರೆ ಭಾರ. ‘ಗ್ರಾವಿಟಿ’ಯೂ ದುಃಖವೆಂಬರ್ಥದ ‘ಗ್ರೀಫ್’ ಕೂಡ ಅಲ್ಲಿಂದಲೇ ಬಂದವು. ಅದೇ ಶತಮಾನದ ಕೊನೆಯಲ್ಲಿ ಶೇಕ್ಸ್‌ಪಿಯರ್ ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ಸಾಯುತ್ತಿರುವ ಮರ್ಕ್ಯೂಶಿಯೋನ ಬಾಯಲ್ಲಿ ಎರಡೂ ಅರ್ಥಗಳ ಶ್ಲೇಷೆಯನ್ನು ಇಟ್ಟ.

ಕಿವಿಗೆ ಒಂದಾಗಿ ಕೇಳುವ ಇವನ್ನು ಬೇರ್ಪಡಿಸುವ ವಿಧಾನ ಹಂತಹಂತವಾಗಿ ಬೆಳೆಯಿತು. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಸಮಾನ ಮೂಲವಿರಬೇಕೆಂದು ಹೇಳಿದರು. 1822ರಲ್ಲಿ ಯಾಕೋಬ್ ಗ್ರಿಮ್, ಜರ್ಮ್ಯಾನಿಕ್ ಭಾಷೆಗಳಲ್ಲಿ ವ್ಯಂಜನಗಳು ನಿಯಮಬದ್ಧವಾಗಿ ಬದಲಾಗಿವೆ ಎಂದು ವಿವರಿಸಿದರು. 1884ರಿಂದ 1928ರವರೆಗೆ ಕಂತುಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ನಿಘಂಟು, ಪ್ರತಿ ಪದದ ಬಳಕೆಯನ್ನು ಕಾಲಸಹಿತ ಉದಾಹರಣೆಗಳಿಂದ ತೋರಿಸಿತು.

ಈ ವಿಧಾನ ನಮ್ಮ ಮನೆಬಾಗಿಲಿಗೂ ಬರುತ್ತದೆ. ‘ಗ್ರಾವಿಸ್’ಗೆ ನಿಜವಾದ ಜ್ಞಾತಿಪದ ಸಂಸ್ಕೃತದ ‘ಗುರು’, ಅಂದರೆ ಭಾರವುಳ್ಳದ್ದು. ಛಂದಸ್ಸಿನಲ್ಲಿ ನಾವು ಲಘುವಿನೆದುರು ಇಡುವ ಗುರು, ವಿಜ್ಞಾನದ ಪುಸ್ತಕದಲ್ಲಿ ಓದುವ ಗುರುತ್ವ, ಇಂಗ್ಲಿಷಿನ ‘ಗ್ರಾವಿಟಿ’ ಎಲ್ಲವೂ ಒಂದೇ ಬೇರಿನವು. ಒಂದೇ ಕಾಗುಣಿತದ ಪದಗಳು ನಂಟರಲ್ಲದಿರಬಹುದು, ಸಾವಿರಾರು ಮೈಲಿ ದೂರದ ಪದಗಳು ಒಡಹುಟ್ಟಿದವಾಗಿರಬಹುದು. ಕನ್ನಡದ ಪದಗಳಿಗೆ ಮೂಲ ಹುಡುಕುವಾಗಲೂ ಅರ್ಥದ ಹೋಲಿಕೆಯೊಂದನ್ನೇ ನಂಬದೆ ಧ್ವನಿನಿಯಮವನ್ನೂ ದಾಖಲೆಯನ್ನೂ ಕೇಳಬೇಕು. ಭಾಷೆಯ ಮೇಲಿನ ಪ್ರೀತಿಗೆ ಈ ಶಿಸ್ತೂ ಸೇರಿದೆ.