ಮಾನ್ಯತೆ ಕೊಡುವವರ ಮೇಲೆ ಯಾರ ಕಣ್ಣು?

ನಮ್ಮ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಯಾವುದೇ ಖಾಸಗಿ ಶಾಲೆಯ ಕಚೇರಿಗೆ ಹೋದರೂ ಬೀರುವಿನಲ್ಲಿ ಒಂದು ದಪ್ಪ ಕಡತ ಇದ್ದೇ ಇರುತ್ತದೆ. ಟ್ರಸ್ಟಿನ ನೋಂದಣಿ ಪತ್ರ, ಜಾಗದ ದಾಖಲೆ, ಕಟ್ಟಡದ ಸುರಕ್ಷತಾ ಪ್ರಮಾಣಪತ್ರ, ಶಿಕ್ಷಕರ ವಿದ್ಯಾರ್ಹತೆಯ ಪ್ರತಿಗಳು ಎಲ್ಲವೂ ಅದರೊಳಗೆ. ಇದೇ ಮಾನ್ಯತೆ ಫೈಲು. ಮಾನ್ಯತೆ ಇಲ್ಲದ ಶಾಲೆಯ ಮಗು ಹತ್ತನೇ ತರಗತಿಯ ಪರೀಕ್ಷೆಯನ್ನು ತನ್ನ ಶಾಲೆಯ ಹೆಸರಿನಲ್ಲಿ ಕಟ್ಟುವಂತಿಲ್ಲ. ಆದ್ದರಿಂದ ಆಡಳಿತ ಮಂಡಳಿಯವರು ಈ ಫೈಲನ್ನು ಜೋಪಾನ ಮಾಡುತ್ತಾರೆ. ಶಾಲೆ ಸರಿಯಿದೆಯೇ ಎಂದು ನೋಡಲು ಅಧಿಕಾರಿಗಳಿದ್ದಾರೆ. ಅಧಿಕಾರಿಗಳು ಸರಿಯಾಗಿ ನೋಡಿದರೇ ಎಂದು ನೋಡುವವರು ಯಾರು? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ನೂರೈವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ.

1854ರಲ್ಲಿ ಚಾರ್ಲ್ಸ್ ವುಡ್ ಕಳುಹಿಸಿದ ಶಿಕ್ಷಣ ನಿರೂಪವು ಎರಡು ವಿಷಯಗಳನ್ನು ಒಟ್ಟಿಗೆ ಕಟ್ಟಿತು. ಖಾಸಗಿಯವರ ಶಾಲೆಗೂ ಸರ್ಕಾರ ಅನುದಾನ ಕೊಡಬಹುದು. ಕೊಟ್ಟ ಮೇಲೆ ತಪಾಸಣೆ ಮಾಡಬೇಕು. ಮೈಸೂರಿನಲ್ಲಿ 1857ರಲ್ಲಿ ಶಿಕ್ಷಣ ಇಲಾಖೆ ಆರಂಭವಾಯಿತು. 1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ಬಂದವು. ಶಾಸನಗಳ ಸಂಗ್ರಹಕಾರರೆಂದೇ ನಾವು ಬಲ್ಲ ರೈಸ್ ಸಾಹೇಬರು ಹಳ್ಳಿ ಶಾಲೆಗಳಿಗೂ ಅಡಿಪಾಯ ಹಾಕಿದವರೆಂಬುದನ್ನು ಅನೇಕರು ಮರೆತಿದ್ದಾರೆ. ಅಂದಿನಿಂದ 'ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರಂತೆ' ಎಂಬ ಮಾತಿಗೆ ಮೇಷ್ಟ್ರುಗಳ ಎದೆ ಡವಗುಟ್ಟತೊಡಗಿತು.

1882ರ ಹಂಟರ್ ಆಯೋಗ ಮುಸ್ಲಿಮರ ಶಿಕ್ಷಣದ ಬಗ್ಗೆ ಪ್ರತ್ಯೇಕ ಶಿಫಾರಸುಗಳನ್ನು ಮಾಡಿತು. ಮುಸ್ಲಿಮರ ಪ್ರಾಥಮಿಕ ಶಾಲೆಗಳ ತಪಾಸಣೆಗೆ ಮುಸ್ಲಿಂ ಅಧಿಕಾರಿಗಳನ್ನು ಹೆಚ್ಚಾಗಿ ನೇಮಿಸಬೇಕೆಂಬುದು ಅವುಗಳಲ್ಲಿ ಒಂದು. ಇದನ್ನು ಬರೀ ನೌಕರಿಯ ಪಾಲು ಎಂದು ತಿಳಿಯಬಾರದು. ಉರ್ದು ಓದಲು ಬಾರದ ಅಧಿಕಾರಿ ಉರ್ದು ತರಗತಿಗೆ ಬಂದರೆ ಹಾಜರಿ ಪುಸ್ತಕ ನೋಡಬಹುದು, ಗೋಡೆಯ ಸುಣ್ಣ ನೋಡಬಹುದು. ಮಗುವಿನ ಇಮ್ಲಾದಲ್ಲಿ ಎಷ್ಟು ತಪ್ಪಿದೆ ಎಂದು ಹೇಳಲಾರ. ನೋಡುವವನಿಗೆ ನೋಡುವ ಯೋಗ್ಯತೆ ಇರಬೇಕೆಂಬ ಮಾತು ಅಂದೇ ಕಾಗದದ ಮೇಲೆ ಬಂದಿತ್ತು. ಇಂದು ಉರ್ದು ಶಿಕ್ಷಣ ಸಂಯೋಜಕರ ಹುದ್ದೆಗಳಿವೆ. ಉರ್ದು ಮತ್ತು ಇತರ ಅಲ್ಪಸಂಖ್ಯಾತ ಭಾಷಾ ಶಾಲೆಗಳಿಗೆ ಪ್ರತ್ಯೇಕ ನಿರ್ದೇಶನಾಲಯವೂ ಇದೆ.

ಮುಂದೆ ಮೈಸೂರು ಸಂಸ್ಥಾನ ಒಂದು ದೊಡ್ಡ ಪ್ರಯೋಗ ಮಾಡಿತು. 1930ರ ಪ್ರಾಥಮಿಕ ಶಿಕ್ಷಣ ಕಾಯಿದೆಯ ಮೂಲಕ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಒಪ್ಪಿಸಲಾಯಿತು. ಊರಿನ ಶಾಲೆ ಊರಿನವರ ಕೈಯಲ್ಲಿರಲಿ, ಸರ್ಕಾರ ದೂರದಿಂದ ನೋಡಿಕೊಳ್ಳಲಿ ಎಂಬ ಆಶಯ. ಆದರೆ ಹತ್ತು ವರ್ಷ ಕಳೆಯುತ್ತಿದ್ದಂತೆ, 1941ರ ಕಾಯಿದೆಯಿಂದ ಸರ್ಕಾರ ಶಾಲೆಗಳನ್ನು ಮತ್ತೆ ತನ್ನ ವಶಕ್ಕೆ ತೆಗೆದುಕೊಂಡಿತು. ಅಧಿಕಾರ ಒಪ್ಪಿಸಿದ ಮೇಲೆ ಒಪ್ಪಿಸಿಕೊಂಡವರನ್ನು ತಿದ್ದಿ, ಬಲಪಡಿಸಿ, ನಡೆಸಿಕೊಂಡು ಹೋಗುವ ಬದಲು ಎಲ್ಲವನ್ನೂ ವಾಪಸು ಪಡೆಯುವುದೇ ಸುಲಭವೆನಿಸಿತು. ಈ ಅಭ್ಯಾಸ ನಮ್ಮ ಆಡಳಿತಕ್ಕೆ ಅಂಟಿಕೊಂಡಿತು ಎಂಬುದು ನನ್ನ ಅಭಿಪ್ರಾಯ. 1980ರ ದಶಕದಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು, 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಖಾಸಗಿ ಶಾಲೆಗೆ ಮಾನ್ಯತೆ ಕೊಡುವ ಲೇಖನಿ ಮಾತ್ರ ಇಲಾಖೆಯ ಕೈ ಬಿಡಲಿಲ್ಲ.

ಆ ಲೇಖನಿಗೆ ಇಂದಿನ ಆಧಾರ ಕರ್ನಾಟಕ ಶಿಕ್ಷಣ ಕಾಯಿದೆ. 1983ರಲ್ಲಿ ರೂಪುಗೊಂಡ ಇದು ಜಾರಿಗೆ ಬಂದದ್ದು 1995ರ ಜನವರಿ 20ರಂದು. ಸೆಕ್ಷನ್ 36 ಮಾನ್ಯತೆ ಕೊಡುವುದಕ್ಕೆ, 39 ಅದನ್ನು ಹಿಂತೆಗೆದುಕೊಳ್ಳುವುದಕ್ಕೆ. ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಿಂದ ಜಿಲ್ಲೆಯ ಉಪನಿರ್ದೇಶಕರವರೆಗೆ ಫೈಲು ಏರುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಮಾನ್ಯತೆ ಸಿಗದ ಶಾಲೆ ಮೇಲ್ಮನವಿ ಹೋಗಬಹುದು. ಕೊಡಬಾರದ ಶಾಲೆಗೆ ಮಾನ್ಯತೆ ಕೊಟ್ಟಾಗ ಯಾರು ಮನವಿ ಹೋಗುತ್ತಾರೆ? ಆಡಳಿತ ಮಂಡಳಿ ಹೋಗುವುದಿಲ್ಲ, ಸಹಿ ಹಾಕಿದವರೂ ಹೋಗುವುದಿಲ್ಲ. ನಷ್ಟ ಆಗುವುದು ಮಗುವಿಗೆ. ಅದಕ್ಕೆ ಫೈಲಿನ ಗಂಧವೇ ತಿಳಿಯದು.

ಈ ಕೊರತೆ ಬಯಲಾದದ್ದು 2006ರಲ್ಲಿ. 1994ರ ಏಪ್ರಿಲ್ 29ರ ಸರ್ಕಾರಿ ಆದೇಶದಂತೆ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿ ಕಲಿಸಬೇಕಿತ್ತು. ಸಾವಿರಾರು ಶಾಲೆಗಳು ಕನ್ನಡ ಮಾಧ್ಯಮವೆಂದು ಬರೆದುಕೊಟ್ಟು ಅನುಮತಿ ಪಡೆದು, ಇಂಗ್ಲಿಷಿನಲ್ಲಿ ಪಾಠ ನಡೆಸಿದವು. ಬೋರ್ಡಿನ ಮೇಲೆ 'ಇಂಗ್ಲಿಷ್ ಮೀಡಿಯಂ' ಎಂದು ದಪ್ಪಕ್ಷರದಲ್ಲಿ ಬರೆದಿದ್ದು ದಾರಿಹೋಕರಿಗೂ ಕಾಣುತ್ತಿತ್ತು. ತಪಾಸಣೆಗೆ ಬಂದವರಿಗೆ ಕಾಣಲಿಲ್ಲ! ಹನ್ನೆರಡು ವರ್ಷಗಳ ನಂತರ, ಬಸವರಾಜ ಹೊರಟ್ಟಿಯವರು ಶಿಕ್ಷಣ ಸಚಿವರಾಗಿದ್ದಾಗ, ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದುಪಡಿಸುವ ಕ್ರಮ ಬಂತು. ಮುಚ್ಚಳಿಕೆ ಮುರಿದ ಶಾಲೆಗಳದ್ದು ತಪ್ಪೇ. ಆದರೆ ವರ್ಷವರ್ಷವೂ ಕಣ್ಣು ಮುಚ್ಚಿಕೊಂಡವರ ಲೆಕ್ಕ ಯಾರು ಕೇಳಿದರು? ಶಾಲಾ ವರ್ಷದ ನಡುವೆ ಕಂಗಾಲಾದವರು ಪಾಲಕರು. ಮುಂದೆ ಹೈಕೋರ್ಟಿನ ಪೂರ್ಣಪೀಠ 2008ರಲ್ಲಿ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರುವಂತಿಲ್ಲವೆಂದು ತೀರ್ಪಿತ್ತವು. ಮಾಧ್ಯಮದ ಪ್ರಶ್ನೆ ತೀರಿತು, ತಪಾಸಣೆಯ ಪ್ರಶ್ನೆ ಉಳಿಯಿತು. 2022ರಲ್ಲಿ ಖಾಸಗಿ ಶಾಲೆಗಳ ಸಂಘಟನೆಗಳು ಮಾನ್ಯತೆ ನವೀಕರಣಕ್ಕೆ ಲಂಚ ಕೇಳಲಾಗುತ್ತಿದೆ ಎಂದು ಆರೋಪಿಸಿ ಪ್ರಧಾನ ಮಂತ್ರಿಗಳಿಗೇ ಪತ್ರ ಬರೆದವು.

ಈ ತೊಡಕು ನಮ್ಮೊಬ್ಬರದ್ದೇ ಅಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯ 1991ರಲ್ಲಿ 'ಚಾರ್ಟರ್ ಶಾಲೆ'ಗಳ ಕಾಯಿದೆ ಮಾಡಿತು. ಇವು ಸರ್ಕಾರದ ಹಣದಿಂದ, ಸ್ವತಂತ್ರ ಮಂಡಳಿಗಳ ಕೈಯಲ್ಲಿ, ಒಂದು ಕರಾರಿನ ಮೇಲೆ ನಡೆಯುವ ಶಾಲೆಗಳು. ಅವಕ್ಕೆ ಅನುಮತಿ ಕೊಟ್ಟು ನಿಗಾ ಇಡುವವರು ಬೇರೆ: ಶಾಲಾ ಜಿಲ್ಲೆಗಳು, ಕಾಲೇಜುಗಳು, ಸೇವಾ ಸಂಸ್ಥೆಗಳು. ಅನುಮತಿದಾರರೇ ಸಡಿಲವಾದರೆ ಏನು ಗತಿ? 2009ರಲ್ಲಿ ಆ ರಾಜ್ಯ ಕಾಯಿದೆಯನ್ನು ಬಿಗಿ ಮಾಡಿ, ಅನುಮತಿದಾರರೆಲ್ಲ ತಾವೇ ಮೊದಲು ಶಿಕ್ಷಣ ಆಯುಕ್ತರಿಂದ ಒಪ್ಪಿಗೆ ಪಡೆಯಬೇಕೆಂದಿತು. ಅಂದರೆ ಮಾನ್ಯತೆ ಕೊಡುವವರಿಗೂ ಒಂದು ಮಾನ್ಯತೆ.

ನಮ್ಮಲ್ಲಿ 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯ ಸೆಕ್ಷನ್ 18 ಓದಿ ನೋಡಿ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000. ಆದರೆ ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಿಗೆ ಮಾನ್ಯತಾ ಪತ್ರವೇ ಬೇಡ! ನಿಯಮ ಮಾಡುವವರೂ, ಶಾಲೆ ನಡೆಸುವವರೂ, ಇತರರ ಶಾಲೆ ತಪಾಸಣೆ ಮಾಡುವವರೂ ಒಬ್ಬರೇ ಆದಾಗ ಹೀಗಾಗುವುದು ಸಹಜ. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಸುಪ್ರೀಂ ಕೋರ್ಟು 2014ರ ಪ್ರಮತಿ ತೀರ್ಪಿನಲ್ಲಿ ಈ ಕಾಯಿದೆಯಿಂದ ಹೊರಗಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದರ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠಕ್ಕೆ ಕಳುಹಿಸಲು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಹೊರಗಿದ್ದೇವೆಂದು ನಮ್ಮ ಸಂಸ್ಥೆಗಳು ನಿಶ್ಚಿಂತೆಯಿಂದ ಕೂರುವಂತಿಲ್ಲ. ಸಂವಿಧಾನದ 30ನೇ ವಿಧಿ ಶಾಲೆ ನಡೆಸುವ ಹಕ್ಕು ಕೊಟ್ಟಿದೆ, ಕೆಟ್ಟದಾಗಿ ನಡೆಸುವ ಹಕ್ಕನ್ನಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಗಂಟನ್ನು ಬಿಡಿಸಲು ಒಂದು ದಾರಿ ಸೂಚಿಸಿತು. ಶಾಲೆ ನಡೆಸುವ ಇಲಾಖೆಯೇ ಶಾಲೆಗಳ ನಿಯಂತ್ರಕ ಆಗಬಾರದು. ಅದಕ್ಕೆ ಪ್ರತ್ಯೇಕ ರಾಜ್ಯ ಶಾಲಾ ಗುಣಮಟ್ಟ ಪ್ರಾಧಿಕಾರ ಬೇಕು. ಅಳತೆಗೋಲು ಸರ್ಕಾರಿ ಶಾಲೆಗೂ ಖಾಸಗಿ ಶಾಲೆಗೂ ಒಂದೇ ಇರಬೇಕು. ವಿವರಗಳು ಪಾಲಕರಿಗೆ ಬಹಿರಂಗವಾಗಿ ಸಿಗಬೇಕು. ಆ ನೀತಿಯ ಬೇರೆ ಮಾತುಗಳ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಈ ಒಂದು ಮಾತು ನನಗೆ ಒಪ್ಪಿಗೆ. ಕರ್ನಾಟಕ ಸರ್ಕಾರ 2023ರಲ್ಲಿ ಆ ನೀತಿಯನ್ನು ಕೈಬಿಡುವುದಾಗಿ ಪ್ರಕಟಿಸಿ, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವನ್ನು ನೇಮಿಸಿತು. ಆಯೋಗದ ವರದಿ 2025ರ ಆಗಸ್ಟ್‌ನಲ್ಲಿ ಸರ್ಕಾರದ ಕೈ ಸೇರಿತು. ಅದರ ಮೇಲಿನ ಚರ್ಚೆಗಳಲ್ಲಿ ಭಾಷೆ, ತರಗತಿಗಳ ವಿಂಗಡಣೆ ಎಲ್ಲವೂ ಬರುತ್ತವೆ. ಮಾನ್ಯತೆಯ ಲೇಖನಿ ಯಾರ ಕೈಯಲ್ಲಿರಬೇಕು, ಅದರ ಲೆಕ್ಕವನ್ನು ಪಾಲಕರು ಯಾರಲ್ಲಿ ಕೇಳಬೇಕು ಎಂಬುದನ್ನೂ ನಮ್ಮ ಸಂಸ್ಥೆಗಳ ಹಿರಿಯರು ಅಲ್ಲಿ ಎತ್ತಬಹುದು.