ಕತ್ತಿಯ ದ್ರೋಹ, ಮಾತಿನ ದ್ರೋಹ

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟವೆಂದರೆ ಬೀಸುವ ಕಲ್ಲು. ಆ ಕಲ್ಲಿಗೆ ಸಿಕ್ಕವರು ಕತ್ತಿ ಹಿಡಿದವರೋ ಬರಿಯ ಮಾತಾಡಿದವರೋ, ಬಿರುದು ಹೇಳುವುದಿಲ್ಲ. ನಾವು ಕೂಡ ‘ರಾಜದ್ರೋಹ’ ಎಂಬ ಒಂದೇ ಶಬ್ದದಿಂದ ಎರಡನ್ನೂ ಸೂಚಿಸುತ್ತ ಬಂದಿದ್ದೇವೆ. ಕಾನೂನಿನ ಭಾಷೆಯಲ್ಲಿ ಒಂದು ಟ್ರೀಸನ್, ಇನ್ನೊಂದು ಸೆಡಿಷನ್.

ಇಂಗ್ಲೆಂಡಿನ 1351ರ ಶಾಸನವು ಟ್ರೀಸನ್ನಿಗೆ ಎಲ್ಲೆ ಹಾಕಿತು: ದೊರೆಯ ಸಾವನ್ನು ಬಗೆಯುವುದು, ಅವನ ಮೇಲೆ ಯುದ್ಧ ಹೂಡುವುದು, ಅವನ ಶತ್ರುಗಳಿಗೆ ನೆರವಾಗುವುದು, ಹೀಗೆ. ಸೆಡಿಷನ್ ಆಮೇಲೆ ಬೆಳೆದುಬಂದ, ಅದಕ್ಕಿಂತ ಕೆಳಗಿನ ದರ್ಜೆಯ ಅಪರಾಧ. ನುಡಿ, ಬರಹಗಳೇ ಅದರ ಕ್ಷೇತ್ರ. ನಮ್ಮಲ್ಲಿ 1860ರ ದಂಡಸಂಹಿತೆಯ 121ನೆಯ ಕಲಮು ಸರಕಾರದ ಮೇಲೆ ಯುದ್ಧ ಹೂಡಿದವನಿಗೆ ಮರಣದಂಡನೆಯನ್ನೋ ಆಜೀವ ಗಡೀಪಾರನ್ನೋ ವಿಧಿಸಿತು. ಮೆಕಾಲೆಯ ಕರಡಿನಲ್ಲಿದ್ದ ಸೆಡಿಷನ್ನಿನ ವಿಧಿ ಅದರಲ್ಲಿ ಬಿಟ್ಟುಹೋಗಿತ್ತು. 1870ರಲ್ಲಿ 124ಎ ಎಂಬ ಹೆಸರಿನಿಂದ ಒಳಬಂತು.

ಅದರ ನಿಜಸ್ವರೂಪ ಕಂಡದ್ದು 1897ರಲ್ಲಿ. ಪುಣೆಯಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡ್ ಕೊಲೆಯಾದ. ಸರಕಾರದ ಕಣ್ಣು ತಿಲಕರ ‘ಕೇಸರಿ’ಯ ಮೇಲೆ ಬಿತ್ತು. ಆದರೆ ತಿಲಕರ ಮೇಲೆ ಕೊಲೆಯ ಆಪಾದನೆಯನ್ನಾಗಲಿ ಯುದ್ಧದ ಆಪಾದನೆಯನ್ನಾಗಲಿ ಹೊರಿಸಲಿಲ್ಲ; ಹೊರಿಸಿದ್ದು 124ಎ. ಅದರಲ್ಲಿದ್ದ ‘ಡಿಸ್‌ಅಫೆಕ್ಷನ್’ ಎಂಬ ಶಬ್ದಕ್ಕೆ ಪ್ರೀತಿಯ ಅಭಾವವೆಂದು ನ್ಯಾಯಮೂರ್ತಿ ಸ್ಟ್ರೇಚಿ ಅರ್ಥ ಹೇಳಿದರು. ದ್ವೇಷ, ತಿರಸ್ಕಾರಗಳೆಲ್ಲ ಅದರಲ್ಲಿ ಸೇರಿದವು. ಸರಕಾರವನ್ನು ಪ್ರೀತಿಸದಂತೆ ಜನರನ್ನು ಪ್ರೇರಿಸುವುದು ಅಪರಾಧವಾದರೆ, ಸುಮ್ಮನಿರುವವನನ್ನು ಬಿಟ್ಟು ನಿರಪರಾಧಿ ಯಾರು? ನಿಘಂಟಿನ ಕೆಲಸ ಮಾಡಿದವರಿಗೆ ಗೊತ್ತು, ಒಂದು ಉಪಸರ್ಗದ ಅರ್ಥವನ್ನು ಎಷ್ಟು ದೂರ ಎಳೆಯಬಹುದೆಂದು. ಅಲ್ಲಿ ಹಾಗೆ ಎಳೆದದ್ದಕ್ಕೆ ಒಬ್ಬ ಮನುಷ್ಯ ಹದಿನೆಂಟು ತಿಂಗಳ ಸೆರೆವಾಸ ತೆತ್ತ. ಒಂಬತ್ತು ಜ್ಯೂರಿಗಳಲ್ಲಿ ಆರು ಯುರೋಪಿಯನ್ನರು ಅಪರಾಧಿಯೆಂದರು. ಮೂವರು ಭಾರತೀಯರು ಅಲ್ಲವೆಂದರು.

1898ರ ತಿದ್ದುಪಡಿ ದ್ವೇಷ, ತಿರಸ್ಕಾರಗಳನ್ನು ಕಾಯಿದೆಯಲ್ಲಿಯೇ ಬರೆಯಿತು. 1908ರಲ್ಲಿ ತಿಲಕರಿಗೆ ಆರು ವರ್ಷ. ಮಂಡಾಲೆಯ ಸೆರೆಮನೆಯಲ್ಲಿ ‘ಗೀತಾರಹಸ್ಯ’ ಹುಟ್ಟಿತು. 1922ರಲ್ಲಿ ಗಾಂಧೀಜಿಯವರಿಗೂ ಆರು ವರ್ಷ. ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲಾಗದೆಂದು ಅವರು ನ್ಯಾಯಾಲಯದಲ್ಲಿಯೇ ಹೇಳಿದರು. ಸ್ಟ್ರೇಚಿಯವರ ವ್ಯಾಖ್ಯೆಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಕಾಣೆ.

ಸ್ವತಂತ್ರ ಭಾರತದಲ್ಲಿಯೂ 124ಎ ಉಳಿಯಿತು. 1962ರಲ್ಲಿ, ಕೇದಾರನಾಥ ಸಿಂಗ್ ಮೊಕದ್ದಮೆಯಲ್ಲಿ, ಹಿಂಸೆಗೆ ಪ್ರಚೋದಿಸುವ ಇಲ್ಲವೆ ಸಾರ್ವಜನಿಕ ಶಾಂತಿಯನ್ನು ಕದಡುವ ಪ್ರವೃತ್ತಿಯುಳ್ಳ ಮಾತಿಗಷ್ಟೇ ಅದು ಅನ್ವಯಿಸುವುದೆಂದು ಸುಪ್ರೀಂ ಕೋರ್ಟು ಮಿತಿ ಹಾಕಿತು. 2022ರ ಮೇ ತಿಂಗಳಲ್ಲಿ ಅದರ ಬಳಕೆಯನ್ನೇ ತಡೆಹಿಡಿಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಡಿಷನ್ ಎಂಬ ಹೆಸರಿಲ್ಲ. ಯುದ್ಧ ಹೂಡುವುದು 147ನೆಯ ಕಲಮಿಗೆ ಹೋಗಿದೆ. ದೇಶದ ಸಾರ್ವಭೌಮತೆ, ಏಕತೆಗಳಿಗೆ ಅಪಾಯ ತರುವ ನುಡಿ, ಬರಹಗಳು 152ನೆಯದರಲ್ಲಿವೆ; ‘ಪ್ರತ್ಯೇಕತೆಯ ಭಾವನೆ’ಗೆ ಉತ್ತೇಜನ ಕೊಡುವುದೂ ಅಲ್ಲಿ ಸೇರಿದೆ. ಭಾವನೆಯೆಂಬ ಆ ಶಬ್ದಕ್ಕೆ ನ್ಯಾಯಾಲಯಗಳು ಇನ್ನು ಅರ್ಥ ಹೇಳಬೇಕು.