ನೊಗ ರೂಪಿಸಿದ ಮೈಕಟ್ಟು: ನಮ್ಮ ಸೀಮೆಯ ಹಳ್ಳಿಕಾರ್ ಎತ್ತುಗಳು

ಭಾರ ಎಳೆಯುವ ಕುದುರೆಗಳ ಪ್ರಸ್ತಾಪ ಯುರೋಪಿನ ಇತಿಹಾಸದಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಗ್ಲೆಂಡಿನ ಶೈರ್, ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್, ಫ್ರಾನ್ಸಿನ ಪರ್ಷೆರಾನ್ ತಳಿಗಳು ಅಲ್ಲಿ ನೇಗಿಲನ್ನೂ ಸರಕಿನ ಬಂಡಿಯನ್ನೂ ಎಳೆದವು. ನಮ್ಮಲ್ಲಿ ಕುದುರೆ ಮುಖ್ಯವಾಗಿ ಸವಾರಿಗೆ, ಸೈನ್ಯಕ್ಕೆ, ಜಟಕಾ ಗಾಡಿಗೆ ಮೀಸಲಾಗಿತ್ತು. ಹೊಲದ ಭಾರವೆಲ್ಲ ಎತ್ತಿನ ಹೆಗಲಿನ ಮೇಲೆ. ಕೋಲಾರ ಸೀಮೆಯ ರೈತನಿಗೆ ಒಳ್ಳೆಯ ಎತ್ತು ಎಂದರೆ ಹಳ್ಳಿಕಾರ್.

ಈ ತಳಿಯ ಲಕ್ಷಣಗಳು ಎದ್ದು ಕಾಣುವಂಥವು. ಬೂದು ಬಣ್ಣ, ಉದ್ದವಾದ ಕಿರಿದು ಮುಖ, ನಡುವೆ ಗೆರೆಯಿರುವ ಉಬ್ಬಿದ ಹಣೆ, ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಸಾಗಿ, ತುದಿಯಲ್ಲಿ ಮುಂದಕ್ಕೆ ಬಾಗುವ ನೀಳ ಕೊಂಬುಗಳು. ಗಂಗೆದೊಗಲು ತೆಳು, ಕಾಲು ಸಣ್ಣ ಆದರೆ ಬಲವಾದದ್ದು, ಗೊರಸು ಗಟ್ಟಿ. ಹಸು ಕೊಡುವ ಹಾಲು ಕಡಿಮೆ. ಇದನ್ನು ಕೊರತೆಯೆಂದು ಎಣಿಸಬಾರದು. ನಮ್ಮ ಹಿರಿಯರು ಈ ತಳಿಯಿಂದ ಬಯಸಿದ್ದು ದುಡಿಮೆಯನ್ನೇ ಹೊರತು ಹಾಲನ್ನಲ್ಲ. ರಾಗಿ ಹೊಲದ ಉಳುಮೆ, ಕಣದ ಗುಂಡು, ಕಪಿಲೆ ಬಾವಿಯ ಇಳಿಜಾರು, ಸಂತೆಯ ಗಾಡಿ ಇವೆಲ್ಲ ಸೇರಿ ತಲೆಮಾರುಗಳ ಕಾಲ ಆ ದೇಹವನ್ನು ತಿದ್ದಿದವು.

ಇತಿಹಾಸದಲ್ಲಿಯೂ ಈ ರಕ್ತಕ್ಕೆ ದೊಡ್ಡ ಸ್ಥಾನವಿದೆ. ಚಿಕ್ಕದೇವರಾಜ ಒಡೆಯರ ಕಾಲದ (1673–1704) 'ಬೆಣ್ಣೆ ಚಾವಡಿ'ಯ ಹಿಂಡುಗಳಿಗೆ ಮುಂದೆ ಟಿಪ್ಪು ಸುಲ್ತಾನ್ 'ಅಮೃತಮಹಲ್' ಎಂದು ಹೆಸರಿಟ್ಟನು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳಿಂದ ಆ ಹಿಂಡು ಬೆಳೆದಿತ್ತು. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯು ಚಿದಂಬರದ ರಕ್ಷಣೆಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದಲೇ ಎಂದು ಹಳೆಯ ಬರಹಗಳು ಹೇಳುತ್ತವೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಕೈ ಸೇರಿತು. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಮಿತವ್ಯಯದ ಹೆಸರಿನಲ್ಲಿ ಅದನ್ನು ಮಾರಿಸಿದರು. ಆದರೆ ಸೈನ್ಯಕ್ಕೆ ಅಂಥ ಎತ್ತುಗಳು ಬೇರೆಲ್ಲಿಯೂ ದೊರೆಯದೆ, 1866ರಲ್ಲಿ ಹಿಂಡನ್ನು ಮತ್ತೆ ಕಟ್ಟಬೇಕಾಯಿತು. ಲೆಕ್ಕದ ಪುಸ್ತಕದಲ್ಲಿ ಖರ್ಚಾಗಿ ಕಂಡದ್ದರ ಬೆಲೆ, ಅದು ಕೈತಪ್ಪಿದ ಮೇಲೆ ತಿಳಿಯಿತು. ಆಗ ಹಿಂಡನ್ನು ಪುನಃ ಕಟ್ಟಲು ರೈತರ ಕೊಟ್ಟಿಗೆಗಳಲ್ಲಿ ಆ ರಕ್ತ ಇನ್ನೂ ಉಳಿದಿತ್ತು ಎಂಬುದನ್ನು ಮರೆಯಬಾರದು.

ಇಂದಿನ ಸ್ಥಿತಿ ಅದಕ್ಕಿಂತ ಭಿನ್ನ. ಕಪಿಲೆಯ ಜಾಗಕ್ಕೆ ಪಂಪ್‌ಸೆಟ್, ಬಳಿಕ ಕೊಳವೆ ಬಾವಿ ಬಂದಿತು. ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರ್. ಹಾಲಿನ ಡೇರಿ ಬಂದು, ಕೊಟ್ಟಿಗೆಯಲ್ಲಿ ಸೀಮೆಹಸು ನಿಂತಿತು. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2013ರಲ್ಲಿ ಹೋಂಡಾ ಕಾರ್ಖಾನೆ ಆರಂಭವಾಯಿತು. ಇದರಿಂದ ಅನೇಕ ಮನೆಗಳಲ್ಲಿ ದೀಪ ಬೆಳಗಿದೆ. ಹಾಲಿನ ಹಣದಿಂದಲೇ ಓದಿ ಮುಂದೆ ಬಂದ ವಿದ್ಯಾರ್ಥಿಗಳು ನಿಮ್ಮಲ್ಲಿಯೂ ಇದ್ದೀರಿ. ಆದ್ದರಿಂದ ಬದಲಾವಣೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಆದರೆ ಒಂದು ಮಾತು ವಿಚಾರಾರ್ಹ. 2000ದಲ್ಲಿ ಭಾರತೀಯ ಅಂಚೆ ಇಲಾಖೆಯು ಹಳ್ಳಿಕಾರ್ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ಆವನಿ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗಳಲ್ಲಿ ಇಂದಿಗೂ ಸಿಂಗರಿಸಿದ ಜೋಡಿಗಳನ್ನು ನೋಡಲು ಜನ ಮುಗಿಬೀಳುತ್ತಾರೆ. ಇದು ಸಂತೋಷದ ವಿಷಯವೇ. ಆದರೆ ಕೊಂಬಿನ ಅಂದಕ್ಕಾಗಿ ಮಾತ್ರ ಸಾಕಿದ ತಳಿಯಲ್ಲಿ ಕೊಂಬು ಉಳಿದೀತು. ದುಡಿಯುವ ಗುಣ ಉಳಿಯುವುದೇ? ನೊಗ ರೂಪಿಸಿದ ದೇಹಕ್ಕೆ ನೊಗದ ಪರಿಚಯ ಸಂಪೂರ್ಣ ತಪ್ಪಬಾರದು.

ಊರಿನಲ್ಲಿ ಜಮೀನು ಉಳಿಸಿಕೊಂಡಿರುವ ನನ್ನ ವಿದ್ಯಾರ್ಥಿಗಳಲ್ಲಿ ಮತ್ತು ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಅನುಕೂಲವಿದ್ದವರು ಒಂದು ಜೋಡಿ ಎತ್ತನ್ನು ಸಾಕಿರಿ; ಎಳ್ಳಷ್ಟು ನೆಲವನ್ನಾದರೂ ಅವುಗಳಿಂದ ಉಳಿಸಿರಿ, ಉಳಲು ಕಲಿಸಿರಿ. ಅನುಕೂಲವಿಲ್ಲದವರು ಮನೆಯ ಹಿರಿಯರ ಬಳಿ ಕುಳಿತು, ಎತ್ತನ್ನು ಆರಿಸುವಾಗ ಅವರು ಏನೇನು ನೋಡುತ್ತಿದ್ದರೆಂದು ಕೇಳಿ ಬರೆದಿಡಿರಿ. ಆ ತಿಳಿವಳಿಕೆ ಯಾವ ಶಾಲೆಯ ಪಠ್ಯದಲ್ಲಿಯೂ ಇರಲಿಲ್ಲ.